ಕಾಜಾಳ ಪುಟ

ಫೆಬ್ರವರಿ ೮

ತಮ್ಮಾ,

ಮೊದಲೇ ಹೇಳಿಬಿಡ್ತೀನಿ, ಇದನ್ನ ಓದಿ ನನಗೆ ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಎರಡು ಮಾತು ಆಡೋದರೊಳಗೆ ಕಿರುಚಾಡೋಕೆ ಶುರು ಮಾಡ್ತೀವಿ. ನಾನು ಕಾಗದ ಬರೆದ ಹಾಗೆ ಬರೆದು ಮೇಲ್ ಕಳಿಸ್ತೀನಿ, ನೀನೂ ಹಾಗೇ ಮಾಡು. ಇಷ್ಟು ವರ್ಷ ಆದಮೇಲೆ ಅಕ್ಕನಿಗೆ ನಾನು ನೆನಪಾಗಿದ್ದು ಕೆಲಸ ಬಿದ್ದಿದ್ದಕ್ಕೇ ಅಂತ ನೀನು ಅಂದುಕೊಂಡರೆ, ಹೌದಪ್ಪ, ಕೆಲಸ ಬಿದ್ದಿದ್ದಕ್ಕೇ.

ನನ್ನ ಹೊಲಿಗೆ ಕೇಂದ್ರಕ್ಕೊಂದು ವೆಬ್‌ಸೈಟ್ ಇದೆ. ಕಾಲೇಜಿನ ಹುಡುಗಿಯೊಬ್ಬಳು ಮಾಡಿಕೊಟ್ಟು ಹೋದಳು. ನಾವು ಹೊಲಿಯೋ ಪ್ರತಿ ಚೀಲ, ಪ್ರತಿ ಏಪ್ರನ್, ಪ್ರತಿ ಪರದೆಯ ಅಂಚಿಗೂ ಒಂದು ಸಣ್ಣ ಪಟ್ಟಿ ಇರುತ್ತೆ, ಅದರ ಮೇಲೊಂದು ನಂಬರ್. ಆ ನಂಬರನ್ನ ಸೈಟಿನಲ್ಲಿ ಹಾಕಿದರೆ ಅದನ್ನ ಹೊಲಿದವಳ ಪುಟ ತೆರೆಯುತ್ತೆ. ಅವಳ ಫೋಟೋ, ಹೆಸರು, ಯಾವ ಕೆಲಸದಲ್ಲಿ ಕೈ ಪಳಗಿದೆ, ಎಲ್ಲ ಅದರಲ್ಲಿ. ನನ್ನ ಮೇಜಿನ ಮೇಲೆ ಯಾರೂ ಹೆಸರಿಲ್ಲದೆ ಹೊಲಿಯಬಾರದು ಅನ್ನೋದು ನನ್ನ ಹಠ. ನಿನಗೆ ನನ್ನ ಹಠ ಗೊತ್ತಲ್ಲ.

ಆದರೆ ಸರ್ಚ್ ಎಂಜಿನ್‌ನಲ್ಲಿ ಹುಡುಕಿದರೆ ಬರೀ ಮುಖಪುಟ ಬರುತ್ತೆ. ನನ್ನ ಹೆಂಗಸರು ಒಬ್ಬರೂ ಇಲ್ಲ. ಪರದೆ ಹೊಲಿಸಬೇಕು ಅಂತ ಯಾರಾದರೂ ಹುಡುಕಿದರೆ ಎದುರು ರಸ್ತೆಯ ರೆಡಿಮೇಡ್ ಅಂಗಡಿಯವನು ಹಲ್ಲು ಕಿರಿದುಕೊಂಡು ಮೊದಲು ಬಂದು ನಿಲ್ತಾನೆ. ಆಸ್ಪತ್ರೆಯ ಗೌನುಗಳ ಕೆಲಸವೂ ಅವನಿಗೇ ಹೋಯ್ತು. ಹೀಗೇ ಆದರೆ ವರ್ಷ ಮುಗಿಯೋದರೊಳಗೆ ಅರ್ಧ ಮೆಷಿನ್‌ಗಳಿಗೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಬೇಕು. ನೀನು ಊರವರ ಸೈಟುಗಳನ್ನೆಲ್ಲ ರಿಪೇರಿ ಮಾಡ್ತೀಯಂತೆ. ಅಕ್ಕನದ್ದೂ ಮಾಡು. ಪಾಸ್‌ವರ್ಡ್ ಕೆಳಗಿದೆ.

ಅಕ್ಕ

•

ಫೆಬ್ರವರಿ ೧೨

ಅಕ್ಕ,

ಫೋನ್ ಮಾಡಲಿಲ್ಲ ನೋಡು. ಎಷ್ಟು ಒಳ್ಳೆಯವನಾಗಿದೀನಿ.

ನಿನ್ನ ಸೈಟ್ ನೋಡಿದೆ. ಸರ್ಚ್ ಎಂಜಿನ್‌ಗಳು ಬಾಟ್ ಅನ್ನೋ ಒಂದು ಪ್ರೋಗ್ರಾಂ ಕಳಿಸ್ತವೆ. ಅದು ಲಿಂಕ್ ಹಿಡಿದುಕೊಂಡು ಒಂದು ಪುಟದಿಂದ ಇನ್ನೊಂದಕ್ಕೆ ಹೋಗುತ್ತೆ, ನೋಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತೆ. ನಿಮ್ಮಲ್ಲಿ ಲಿಂಕೇ ಇಲ್ಲ, ನಂಬರ್ ಹಾಕೋ ಜಾಗ ಒಂದಿದೆ ಅಷ್ಟೆ. ಬಾಟ್‌ಗೆ ನಿಮ್ಮ ಪಟ್ಟಿಯ ನಂಬರ್ ಯಾರು ಹೇಳಬೇಕು? ಪಾಪ, ಬಾಗಿಲಲ್ಲೇ ನಿಂತು ವಾಪಸ್ ಹೋಗ್ತಾ ಇತ್ತು.

ಅದಕ್ಕೇ ಈಗ ಸೈಟ್‌ಮ್ಯಾಪ್ ಅಂತ ಒಂದು ಫೈಲ್ ಇಟ್ಟಿದೀನಿ. ಈ ಮನೆಯಲ್ಲಿ ಇಂಥಿಂಥ ಕೋಣೆಗಳಿವೆ, ಇಂಥದ್ದನ್ನ ಕೊನೇ ಸಲ ಇಂಥ ತಾರೀಕು ಸರಿಮಾಡಿದ್ದು, ಬಂದು ನೋಡಿಕೊಂಡು ಹೋಗು ಅಂತ ಬಾಟ್‌ಗೆ ಹೇಳೋ ಫೈಲ್ ಅದು. ಕೈಯಲ್ಲಿ ಬರೆದಿಲ್ಲ. ಸೈಟಿನಲ್ಲಿ ಯಾವ ಪುಟ ಇದ್ದರೂ ತಾನೇ ಹೆಕ್ಕಿಕೊಳ್ಳೋ ಹಾಗೆ ಮಾಡಿದೀನಿ. ನೀನು ಏನೂ ಮಾಡಬೇಕಾಗಿಲ್ಲ. ನಾಳೆಯೇ ಎಲ್ಲ ಬಂದುಬಿಡುತ್ತೆ ಅಂತ ಕಾಯಬೇಡ, ಬಾಟ್ ತನಗೆ ಇಷ್ಟ ಬಂದಾಗ ಬರುತ್ತೆ.

ಎಲ್ಲರ ಪುಟವೂ ಇದೆ, ನಿನ್ನದು ಯಾಕಿಲ್ಲ?

ತಮ್ಮ

•

ಮಾರ್ಚ್ ೫

ತಮ್ಮಾ,

ಬಂದ್ರು ಕಣೋ! ಎಲ್ಲರೂ ಬಂದ್ರು!

ಇವತ್ತು ಬೆಳಿಗ್ಗೆ ಕಟಿಂಗ್ ಮಾಡೋ ದೊಡ್ಡಮ್ಮ ತನ್ನ ಹೆಸರು ಒತ್ತಿದಳು, ತನ್ನ ಮುಖವೇ ಎದುರು ಬಂತು. 'ಅಯ್ಯೋ, ಈ ಫೋಟೋದಲ್ಲಿ ನನ್ನ ಕತ್ತರಿಗಿಂತ ನನ್ನ ಮೂಗೇ ಚೂಪಾಗಿದೆಯಲ್ರೇ' ಅಂತ ಒಂದೇ ಗಲಾಟೆ. ಆಮೇಲೆ ಯಾರು ಮೆಷಿನ್ ಮುಂದೆ ಕೂರ್ತಾರೆ? ಒಬ್ಬೊಬ್ಬರೂ ತಮ್ಮ ತಮ್ಮ ಹೆಸರು ಹುಡುಕಿದ್ದೇ ಹುಡುಕಿದ್ದು. ಇಸ್ತ್ರಿ ತಾತ ಹುಡುಕಿದಾಗ ಅವನದ್ದೇ ಹೆಸರಿನ ಯಾವನೋ ಕುಸ್ತಿಯವನು ಬಂದ. ತಾತ ಎದೆ ಉಬ್ಬಿಸಿಕೊಂಡು ಸಂಜೆವರೆಗೂ ಓಡಾಡಿದ. ಪರದೆಗೆ ಎರಡು ಆರ್ಡರ್ ಕೂಡ ಬಂದವು. ಬೈದು ಬೈದು ಅಭ್ಯಾಸ ಆಗಿರೋ ಬಾಯಿ ಇದು, ಹೊಗಳೋಕೆ ಬರಲ್ಲ. ಆದರೂ ಸೈ ಕಣೋ.

ನನ್ನ ಪುಟ ಯಾಕಿಲ್ಲ ಅಂತ ಕೇಳಿದ್ದೀಯ. ಉತ್ತರ ಗೊತ್ತಿರೋ ಪ್ರಶ್ನೆ ಯಾಕೆ ಕೇಳ್ತೀಯ?

ಅಕ್ಕ

•

ಮಾರ್ಚ್ ೬

ನಿನ್ನೆ ನಗುವಿನಲ್ಲಿ ನಾನೊಂದು ಗಮನಿಸಲಿಲ್ಲ. ಕಾಜಾ ನಗಲಿಲ್ಲ.

ಅವಳ ಬಗ್ಗೆ ನಿನಗೆ ಗೊತ್ತಿಲ್ಲ, ಹೇಳ್ತೀನಿ. ಗುಂಡಿ ತೂರಿಸೋ ಕಾಜಾ ಹೊಲಿಯೋದರಲ್ಲಿ ಅವಳ ಕೈ ಯಾರಿಗೂ ಬರಲ್ಲ, ಅದಕ್ಕೇ ಎಲ್ಲರೂ ಅವಳನ್ನ ಕಾಜಾ ಅಂತಲೇ ಕರೀತೀವಿ. ಪುಟ್ಟ ಮಗಳನ್ನ ಕಂಕುಳಲ್ಲಿಟ್ಟುಕೊಂಡು ಬಂದವಳು, ಕೇಂದ್ರದ ಹಿಂದಿನ ಕೋಣೆಯಲ್ಲೇ ಇರ್ತಾಳೆ. ಬಂದ ಹೊಸದರಲ್ಲಿ ಎಲ್ಲರ ಜೊತೆ ಅವಳದ್ದೂ ಪುಟ ಮಾಡಿದ್ದೆವು, ಫೋಟೋ, ಪೂರ್ತಿ ಹೆಸರು, ಎಲ್ಲ ಹಾಕಿ. ಆಮೇಲೊಂದು ದಿನ ಅವಳು ಬಾಯಿ ಬಿಟ್ಟಳು. ಗಂಡನಿಂದ ಜೀವ ಕೈಯಲ್ಲಿ ಹಿಡಿದುಕೊಂಡು ಬಂದಿದ್ದಾಳೆ. ಸಿಕ್ಕರೆ ಮಗಳನ್ನ ಕಿತ್ತುಕೊಂಡು, ಇವಳನ್ನ ಮುಗಿಸ್ತೀನಿ ಅಂತ ಮೊದಲೇ ಹೆದರಿಸಿದ್ದನಂತೆ. ಕತ್ತಿನ ಪಕ್ಕದ ಗಾಯ ತೋರಿಸಿದಳು.

ಅವತ್ತಿನಿಂದ ಅವಳ ನಂಬರಿನ ಪಟ್ಟಿ ಹೊಲಿಯೋದು ನಿಲ್ಲಿಸಿದೆ. ನಂಬರ್ ಯಾರ ಕೈಗೂ ಹೋಗದಿದ್ದರೆ ಪುಟ ಯಾರಿಗೆ ಕಾಣುತ್ತೆ ಅಂದುಕೊಂಡೆ. ಅಳಿಸಲಿಲ್ಲ. ನಮ್ಮಲ್ಲಿ ತುಂಡು ಬಟ್ಟೆಯನ್ನೂ ಎಸೆಯಲ್ಲ, ಮೂಟೆ ಕಟ್ಟಿ ಇಡ್ತೀವಿ, ಯಾವತ್ತಾದರೂ ಬೇಕಾಗುತ್ತೆ ಅಂತ. ಅದೇ ಬುದ್ಧಿ ಇಲ್ಲೂ ಓಡಿಸಿದೆ.

ಇವತ್ತು ಅವಳು ನನ್ನ ಮುಂದೆ ಮೊಬೈಲ್ ಹಿಡಿದಳು. ಅವಳ ಹೆಸರು, ಪಕ್ಕದಲ್ಲಿ ನಮ್ಮ ಕೇಂದ್ರದ ಹೆಸರು. ಒತ್ತಿದರೆ ಅವಳ ಮುಖ. ಏನು ಮಾಡಿದೆಯೋ? ತಕ್ಷಣ ತೆಗೆ.

ಅಕ್ಕ

•

ಮಾರ್ಚ್ ೮

ಎಲ್ಲಿ ಹಾಳಾಗಿ ಹೋದೆ? ಎರಡು ದಿನದಿಂದ ನಿನ್ನಿಂದ ಒಂದಕ್ಷರ ಇಲ್ಲ. ರೂಲು ಮುರಿದು ಫೋನ್ ಮಾಡಿದೆ, ಅದೂ ಸ್ವಿಚ್ ಆಫ್.

ಸರಿ, ನಾನೇ ಮಾಡಿದೀನಿ. ಕೂತು ಓದಿದೆ, ಕಲಿತೆ. ಕಾಜಾಳ ಪುಟ ಅಳಿಸಿದೆ. ಸೈಟ್‌ಮ್ಯಾಪಿನಿಂದ ಅವಳ ಸಾಲು ಕಿತ್ತು ಹಾಕಿದೆ. ಬಾಟ್ ಆ ಕಡೆ ತಲೆ ಹಾಕಲೇಬಾರದು ಅಂತ ತಡೆಯೋ ಫೈಲ್ ಒಂದಿದೆಯಲ್ಲ, ಅದರಲ್ಲಿ ಅವಳ ವಿಳಾಸ ಬರೆದು ಬೀಗ ಜಡಿದೆ. ಪಾಸ್‌ವರ್ಡೂ ಬದಲಾಯಿಸಿದೆ.

ಒಬ್ಬಳನ್ನ ಹುಡುಕಿಕೊಂಡು ಬರೋ ಗಂಡನಿಗೆ ದಾರಿ ತೋರಿಸೋದು ನಿನಗೆ ಇದು ಎರಡನೇ ಸಲ. ಮೊದಲನೇ ಸಲ ನಿಮ್ಮ ಭಾವನಿಗೆ ನನ್ನ ವಿಳಾಸ ಕೊಟ್ಟೆ. 'ಅಕ್ಕ, ಬಾಗಿಲು ತೆಗಿ, ಒಂದು ಸಲ ಮಾತಾಡು' ಅಂದೆ. ತೆಗೆದೆ. ಆಮೇಲೆ ಏನಾಯ್ತು ಅಂತ ಬರೆಯೋಕೆ ನನ್ನ ಕೈ ಬರಲ್ಲ.

ಅಕ್ಕ

•

ಮಾರ್ಚ್ ೧೧

ಅಕ್ಕ,

ಕೆಲಸದ ಮೇಲೆ ಸಿಗ್ನಲ್ ಇಲ್ಲದ ಕಡೆ ಹೋಗಿದ್ದೆ. ನೆಪ ಅಂದುಕೊಂಡರೆ ಅಂದುಕೋ. ಕೊನೆಯಲ್ಲಿ ನೀನು ಬರೆದದ್ದನ್ನ ಮತ್ತೆ ಮತ್ತೆ ಓದಿದೆ, ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ. ಮಿಕ್ಕಿದ್ದಕ್ಕೆ ಇವತ್ತೇ ಉತ್ತರ ಇದೆ, ದಯವಿಟ್ಟು ಕೋಪ ಪಕ್ಕಕ್ಕಿಟ್ಟು ಓದು.

ಪುಟ ಅಳಿಸಿದ್ದು ಸರಿ. ಆದರೆ ಸರ್ಚ್ ಎಂಜಿನ್ ಆ ಪುಟವನ್ನ ಈಗಾಗಲೇ ನೋಡಿಬಿಟ್ಟಿದೆ, ನೆನಪಿಟ್ಟುಕೊಂಡಿದೆ. ಸೈಟ್‌ಮ್ಯಾಪಿನಲ್ಲಿ ಸಾಲು ಇಲ್ಲ ಅಂದ ಮಾತ್ರಕ್ಕೆ ಅದು ಮರೆಯಲ್ಲ. ಮರೀಬೇಕಾದರೆ ಬಾಟ್ ಇನ್ನೊಂದು ಸಲ ಬರಬೇಕು, ಆ ಪುಟ ಇಲ್ಲ ಅನ್ನೋದನ್ನ ತಾನೇ ಕಣ್ಣಾರೆ ನೋಡಬೇಕು. ನೀನು ಬೀಗ ಜಡಿದಿದ್ದೀಯ. ಬಂದ ಬಾಟ್ ಬೀಗ ನೋಡಿ ಏನಂದುಕೊಳ್ಳುತ್ತೆ ಗೊತ್ತಾ? 'ಒಳಗೆ ಇನ್ನೂ ಇದ್ದಾಳೆ, ನನಗೆ ನೋಡೋಕೆ ಬಿಡ್ತಿಲ್ಲ' ಅಂತ. ಅವಳ ಹೆಸರನ್ನ ಹಾಗೇ ಇಟ್ಟುಕೊಂಡಿರುತ್ತೆ. ಈಗಲೂ ಹುಡುಕಿ ನೋಡು, ಹೆಸರು ಬರ್ತಾ ಇದೆ.

ಬೀಗ ತೆಗಿ ಅಕ್ಕ. ಬಾಗಿಲು ತೆಗೆದಿಡು. ಅಷ್ಟೇ ಅಲ್ಲ, ಅವಳ ಪುಟದ ವಿಳಾಸವನ್ನ ಸ್ವಲ್ಪ ದಿನಕ್ಕೆ ಸೈಟ್‌ಮ್ಯಾಪಿಗೆ ವಾಪಸ್ ಹಾಕಬೇಕು, ಹೊಸ ತಾರೀಕಿನ ಜೊತೆ. ಇಲ್ಲೇನೋ ಬದಲಾಗಿದೆ ಅಂತ ಬಾಟ್ ಬೇಗ ಬರ್ಲಿ. ಬಂದು ಖಾಲಿ ಕೋಣೆ ನೋಡ್ಲಿ. ಕೆಲವು ಸರ್ಚ್ ಎಂಜಿನ್‌ಗಳಿಗೆ ಇದನ್ನ ತೋರಿಸಬೇಡಿ ಅಂತ ಅರ್ಜಿಯನ್ನೂ ಹಾಕಬಹುದು. ಅದು ಸ್ವಲ್ಪ ಕಾಲದ ಮರೆ ಅಷ್ಟೆ, ಬೀಗ ಹಾಗೇ ಇದ್ದರೆ ಹೆಸರು ಮತ್ತೆ ಮೇಲೆ ಬರುತ್ತೆ. ಎಲ್ಲಕ್ಕೂ ಹೊಸ ಪಾಸ್‌ವರ್ಡ್ ಬೇಕು. ಕೊಡು.

ತಮ್ಮ

•

ಮಾರ್ಚ್ ೧೫

ಬಾಗಿಲು ತೆಗಿ ಅಂತೀಯ.

ಅವಳ ವಿಳಾಸವನ್ನ ಮತ್ತೆ ಮ್ಯಾಪಿಗೆ ಹಾಕಬೇಕಂತೆ, ಅದೂ ಇವತ್ತಿನ ತಾರೀಕು ಹಾಕಿ! ಇದನ್ನ ನೀನು ಬೇರೆ ಯಾರಿಗಾದರೂ ಹೇಳಿದ್ದರೆ ಅವರು ನಂಬ್ತಿದ್ದರೇನೋ. ನಾನು ನಿನ್ನ ಮಾತು ಕೇಳಿ ಒಂದು ಸಲ ಬಾಗಿಲು ತೆಗೆದವಳು. ಇದು ನನ್ನ ಜೀವ ಅಲ್ಲ, ಇನ್ನೊಬ್ಬಳದ್ದು, ಒಂದು ಮಗುವಿನದ್ದು. ಪಾಸ್‌ವರ್ಡ್ ಕೊಡಲ್ಲ.

ಕಾಜಾ ಊಟ ಬಿಟ್ಟಿದ್ದಾಳೆ. ಮುಂಬಾಗಿಲಲ್ಲಿ ಯಾರ ನೆರಳು ಬಿದ್ದರೂ ಮಗಳನ್ನ ಎಳೆದುಕೊಂಡು ತುಂಡು ಬಟ್ಟೆಯ ಮೂಟೆಗಳ ಹಿಂದೆ ಹೋಗ್ತಾಳೆ. ಠಾಣೆಗೆ ಹೋಗಿದ್ದೆ. ಏನಾದರೂ ಆದಮೇಲೆ ಬನ್ನಿ ಅಂದರು. ಆದಮೇಲೆ ಬರೋದು ಯಾರು, ಅವಳಾ?

ಅಕ್ಕ

•

ಏಪ್ರಿಲ್ ೨

ತಮ್ಮಾ,

ಇವತ್ತು ಮಧ್ಯಾಹ್ನ ಕೇಂದ್ರಕ್ಕೆ ಫೋನ್ ಬಂತು. ಗಂಡಸಿನ ದನಿ, ಬೆಣ್ಣೆಯಂಥ ಮಾತು. 'ನಿಮ್ಮಲ್ಲಿ ಕಾಜಾ ಚೆನ್ನಾಗಿ ಹೊಲೀತಾರಂತೆ' ಅಂದ. ಹೌದು ಅಂದೆ. ಆಮೇಲೆ ಅವಳ ಪೂರ್ತಿ ಹೆಸರು ಹೇಳಿ, 'ಅವರೇ ಹೊಲೀತಾರಾ?' ಅಂದ. ರಾಂಗ್ ನಂಬರ್ ಅಂದೆ. ಕೇಂದ್ರದ ಹೆಸರು ಹೇಳಿ ಫೋನ್ ಎತ್ತಿದವಳು ನಾನೇ! ಅವನು ನಕ್ಕು ಇಟ್ಟ.

ಹುಡುಕಿ ನೋಡಿದೆ. ಬೀಗ ಜಡಿದು ತಿಂಗಳಾಗುತ್ತಾ ಬಂತು, ಅವಳ ಹೆಸರು ಇನ್ನೂ ಅಲ್ಲೇ ಇದೆ. ನೀನು ಹೇಳಿದ ಹಾಗೆಯೇ ಇದೆ.

ಪಾಸ್‌ವರ್ಡ್ ಕೆಳಗಿದೆ. ಏನು ಮಾಡ್ತೀಯೋ ಮಾಡು. ಇವಳನ್ನ ಎಲ್ಲಿಗೆ ಕಳಿಸಲಿ? ನನಗೆ ಕೈಕಾಲೇ ಆಡ್ತಿಲ್ಲ ಕಣೋ.

ಅಕ್ಕ

•

ಏಪ್ರಿಲ್ ೨, ಸಂಜೆ

ಅಕ್ಕ,

ಬೀಗ ತೆಗೆದೆ. ಅವಳ ಪುಟದ ವಿಳಾಸವನ್ನ ಇವತ್ತಿನ ತಾರೀಕು ಹಾಕಿ ಮ್ಯಾಪಿಗೆ ಸೇರಿಸಿದೆ. ಬಾಟ್ ಬಂದು ತಟ್ಟಿದರೆ 'ಇಲ್ಲಿ ಇದ್ದದ್ದು ಹೋಯ್ತು, ಇನ್ನು ಬರಲ್ಲ' ಅನ್ನೋ ಉತ್ತರ ಸಿಗುತ್ತೆ. ಅರ್ಜಿಗಳನ್ನೂ ಹಾಕಿದೆ. ಆದರೆ ಇಷ್ಟರಿಂದ ಆಗಲ್ಲ. ಅವನ ಹತ್ತಿರ ಕೇಂದ್ರದ ಹೆಸರು ಇದೆ. ಅಲ್ಲಿಯ ಕೋಣೆಯೂ ನಿಜವಾಗಿ ಖಾಲಿ ಆಗಬೇಕು.

ತಾಯಿ ಮಗಳಿಬ್ಬರನ್ನೂ ನನ್ನ ಮನೆಗೆ ಕಳಿಸು. ಮಹಡಿ ಮೇಲಿನ ಕೋಣೆಗೆ ಬೇರೆ ಮೆಟ್ಟಿಲಿದೆ. ನಾಳೆ ಬೆಳಿಗ್ಗೆ ನಾನೇ ಗಾಡಿ ತಗೊಂಡು ಬರ್ತೀನಿ. ಕೇಂದ್ರದ ಹತ್ತಿರ ಬರಲ್ಲ, ಬಟ್ಟೆ ಗೋಡೌನಿನ ಹಿಂದೆ ನಿಂತಿರ್ತೀನಿ. ನಿನಗೆ ನನ್ನ ಮುಖ ನೋಡೋಕೆ ಇಷ್ಟ ಇಲ್ಲದಿದ್ದರೆ ನೀನು ಬರಬೇಡ, ಇಸ್ತ್ರಿ ತಾತನ ಜೊತೆ ಕಳಿಸು. ನನ್ನ ವಿಳಾಸ ಯಾರಿಗೂ ಹೇಳಬೇಡ. ನಾನೂ ಹೇಳಲ್ಲ. ಈ ಸಲ ಹೇಳಲ್ಲ.

ತಮ್ಮ

•

ಏಪ್ರಿಲ್ ೪

ತಮ್ಮಾ,

ತಲುಪಿದರು ಅಂತ ತಿಳಿದು ಉಸಿರು ಬಂತು. ಬೇಕಂತಲೇ ನಾನು ಗೋಡೌನಿನ ಹತ್ತಿರ ಬರಲಿಲ್ಲ, ತಪ್ಪು ತಿಳೀಬೇಡ. ನಾನು ಕೇಂದ್ರದಲ್ಲೇ ಇರಬೇಕಿತ್ತು, ಯಾರಾದರೂ ನೋಡ್ತಿದ್ದರೆ ನೋಡ್ಲಿ ಅಂತ.

ಹೊರಡೋ ಮುಂಚೆ ಕಾಜಾ ಕೇಳಿದ್ದು ಒಂದೇ ಮಾತು. 'ಅಕ್ಕ, ನಿಮ್ಮ ತಮ್ಮನ ಮನೇಲಿ ಮೆಷಿನ್ ಇದೆಯಾ?' ನಮ್ಮಮ್ಮನ ಮೆಷಿನ್ ಅವನ ಹತ್ತಿರಾನೇ ಇದೆ, ನನಗೆ ಕೊಡದೆ ಇಟ್ಟುಕೊಂಡಿದ್ದಾನೆ, ಹೋಗಿ ತುಕ್ಕು ಬಿಡಿಸು ಅಂದೆ. ಆ ಗಡಿಬಿಡಿಯಲ್ಲೂ ಅವಳು ನಕ್ಕಳು.

ಹಿಂದಿನ ಕೋಣೆಯಲ್ಲಿ ಈಗ ಏನೂ ಇಲ್ಲ. ಚಾಪೆ, ಪಾತ್ರೆ, ಮಗುವಿನ ಚಪ್ಪಲಿ, ಎಲ್ಲ ತೆಗೆದೆವು. ನೂಲಿನ ಡಬ್ಬಗಳನ್ನ ಅಲ್ಲಿ ಜೋಡಿಸಿದೀವಿ.

ಅಕ್ಕ

•

ಏಪ್ರಿಲ್ ೨೧

ತಮ್ಮಾ,

ಅವನು ಬಂದಿದ್ದ. ಮೊದಲು ಇದನ್ನ ಹೇಳಿಬಿಡ್ತೀನಿ, ಯಾರಿಗೂ ಏನೂ ಆಗಿಲ್ಲ. ಈಗ ಓದು.

ಬಾಗಿಲ ಗಾಜಿನಲ್ಲಿ ನೆರಳು ಕಂಡಿತು. ಬಡಿದ. ಹೆಂಗಸರೆಲ್ಲ ಮೆಷಿನ್ ನಿಲ್ಲಿಸಿದರು. ದೊಡ್ಡಮ್ಮ ದೊಡ್ಡ ಕತ್ತರಿ ಕೈಗೆ ತಗೊಂಡು, 'ಚಿಲಕ ಹಾಕಿಬಿಡೋಣ' ಅಂತ ಪಿಸುಗುಟ್ಟಿದಳು. ನನ್ನ ಕೈ ಚಿಲಕದ ಮೇಲೇ ಇತ್ತು. ಆಗ ನಿನ್ನ ಕಾಗದ ನೆನಪಾಯ್ತು. ಬೀಗ ಹಾಕಿದರೆ ಒಳಗೇ ಇದ್ದಾಳೆ ಅಂದುಕೊಳ್ತಾನೆ. ಇವತ್ತು ಹೋಗ್ತಾನೆ, ನಾಳೆ ಬರ್ತಾನೆ, ಬೀದಿ ಕೊನೆಯಲ್ಲಿ ಕಾಯ್ತಾನೆ.

ಬಾಗಿಲು ತೆಗೆದೆ. ಪೂರ್ತಿ ತೆಗೆದೆ. 'ಬನ್ನಿ ಒಳಗೆ' ಅಂದೆ.

ನೋಡೋಕೆ ತುಂಬಾ ಸಭ್ಯ ಮನುಷ್ಯ. ಇಸ್ತ್ರಿ ಮಾಡಿದ ಶರ್ಟು. ಹೆಂಡತಿಯನ್ನ ಹುಡುಕ್ತಾ ಇದೀನಿ, ತಲೆ ಸರಿ ಇಲ್ಲ ಅವಳಿಗೆ, ಮಗು ಬೇರೆ ಜೊತೆಗಿದೆ ಅಂತ ಕಣ್ಣಲ್ಲಿ ನೀರು ತಂದುಕೊಂಡ. ಏನೂ ಗೊತ್ತಿಲ್ಲದಿದ್ದರೆ ನಾನೇ ಅಯ್ಯೋ ಪಾಪ ಅಂತಿದ್ದೆ. ಇದ್ದಳು, ಬಿಟ್ಟು ಹೋದಳು, ಹೊಲಿಗೆಯವರು ಒಂದೇ ಕಡೆ ಇರ್ತಾರಾ ಅಂದೆ. ನಂಬಲಿಲ್ಲ. 'ನೋಡಿಕೊಳ್ಳಿ, ಎಲ್ಲ ಕಡೆ ನೋಡಿಕೊಳ್ಳಿ' ಅಂತ ನಾನೇ ಮುಂದೆ ನಡೆದೆ. ಕಟಿಂಗ್ ಮೇಜಿನ ಕೆಳಗೆ ಬಗ್ಗಿ ನೋಡಿದ. ಮೂಟೆಗಳನ್ನ ಒಂದೊಂದಾಗಿ ಎಳೆದು ಹಾಕಿದ. ಕೊನೆಗೆ ಹಿಂದಿನ ಕೋಣೆ.

ನೂಲಿನ ಡಬ್ಬಗಳು. ಬೇರೇನೂ ಇಲ್ಲ. ವಾಪಸ್ ತಿರುಗಿದವನು ಬಾಗಿಲ ಚೌಕಟ್ಟಿನ ಹತ್ತಿರ ನಿಂತುಬಿಟ್ಟ. ಅಲ್ಲಿ ಪೆನ್ಸಿಲ್ ಗೀಟುಗಳಿವೆ ತಮ್ಮಾ. ಕಾಜಾ ಮಗಳನ್ನ ನಿಲ್ಲಿಸಿ ಎತ್ತರ ಗುರುತು ಮಾಡ್ತಿದ್ದಳು, ಒಂದರ ಮೇಲೊಂದು. ನಾವು ಚಪ್ಪಲಿ ತೆಗೆದೆವು, ಅದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಅವನು ಎಲ್ಲಕ್ಕಿಂತ ಮೇಲಿನ ಗೀಟಿನ ಮೇಲೆ ಬೆರಳಿಟ್ಟ. ತನ್ನ ಸೊಂಟದ ಹತ್ತಿರ ಇನ್ನೊಂದು ಕೈ ಹಿಡಿದು, ಮಗುವನ್ನ ಅಳೆಯೋ ಹಾಗೆ ನೋಡಿದ.

'ಇದು ಯಾರದ್ದು?'

ನನ್ನ ಹಿಂದೆ ಯಾರೋ ಬಿಕ್ಕೋ ಸದ್ದಾಯ್ತು.

'ಅರ್ಧ ಕಿಟಕಿ ಪರದೆಯ ಅಳತೆ' ಅಂದೆ. 'ಕೆಳಗಿಂದು ಅಡುಗೆಮನೆ ಕಿಟಕಿಗೆ, ಮೇಲಿಂದು ಆಸ್ಪತ್ರೆ ಕಿಟಕಿಗೆ. ನಿಮ್ಮ ಮನೆಗೂ ಬೇಕಾದರೆ ಹೇಳಿ, ಹೊಲಿದುಕೊಡ್ತೀವಿ.' ದೊಡ್ಡಮ್ಮ ಟೇಪು ಎಳೆದುಕೊಂಡು ಬಂದು, ಆ ಗೀಟಿನಿಂದ ನೆಲದವರೆಗೆ ಹಿಡಿದು, 'ಮಡಿಕೆಗೆ ಬಟ್ಟೆ ಬಿಡಬೇಕಾ ಅಕ್ಕ?' ಅಂದಳು. ಆ ಹೆಂಗಸಿನ ಕಾಲಿಗೆ ಬೀಳಬೇಕು ಅನ್ನಿಸ್ತು ನನಗೆ.

ಅವನು ಮೊಬೈಲ್ ತೆಗೆದ. 'ಹೋದ ತಿಂಗಳು ಇಲ್ಲೇ ನೋಡಿದ್ದೆ' ಅಂತ ಅವಳ ಹೆಸರು ಒತ್ತಿದ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಬರಲಿಲ್ಲ. ಇನ್ನೊಂದು ಸಲ ಒತ್ತಿದ, ನಮ್ಮ ಕೇಂದ್ರದ ಹೆಸರು ಸೇರಿಸಿ. ದೊಡ್ಡಮ್ಮ ಬಂದಳು, ಅವಳ ಚೂಪು ಮೂಗು ಬಂತು. ಇವಳು ಬರಲಿಲ್ಲ. 'ಹೇಳಿದೆನಲ್ಲ, ಅವಳು ಇಲ್ಲ' ಅಂದೆ.

ಅವನು ಹೋದಮೇಲೆ ನಾನು ಮೂಟೆ ಮೇಲೆ ಕೂತು ಅತ್ತೆ. ನಿಜ ಹೇಳ್ತೀನಿ, ಗಟ್ಟಿಯಾಗಿ ಅತ್ತೆ.

ಅಕ್ಕ

•

ಜೂನ್ ೯

ಅಕ್ಕ,

ಇಷ್ಟು ದಿನ ಬರೆಯಲಿಲ್ಲ. ಅವನು ನಿನ್ನ ಬೀದಿಗೆ ಮತ್ತೆ ಬಂದಿಲ್ಲ ಅಂತ ಇಸ್ತ್ರಿ ತಾತ ಹೇಳಿದ ಮೇಲೇ ಬರೀತಾ ಇದೀನಿ.

ನಾನು ಹೆದರಿದ್ದ ಇನ್ನೊಂದು ಸರ್ಚ್ ಎಂಜಿನ್‌ನಲ್ಲೂ ಕಾಜಾಳ ಹೆಸರು ಹೋಗಿದೆ. ಬಾಟ್ ಬಂದು ಖಾಲಿ ಕೋಣೆ ನೋಡಿಕೊಂಡು ಹೋಯ್ತು. ಮ್ಯಾಪಿನಿಂದ ಆ ಸಾಲನ್ನ ಈಗ ತೆಗೆದಿದೀನಿ. ಇನ್ನು ಮೇಲೆ ಮ್ಯಾಪು ತಾನಾಗಿ ಏನನ್ನೂ ಹೆಕ್ಕಲ್ಲ. ನಿನ್ನ ಹೆಂಗಸರು ಒಬ್ಬೊಬ್ಬರೂ ಹೂಂ ಅಂದರೆ ಮಾತ್ರ ಅವರ ಪುಟ ಅದಕ್ಕೆ ಸೇರುತ್ತೆ. ಮೊದಲೇ ಕೇಳಬೇಕಿತ್ತು.

ಕಾಜಾ ಅಮ್ಮನ ಮೆಷಿನ್ನಿನ ತುಕ್ಕು ಬಿಡಿಸಿದಳು. ಈಗ ಮಹಡಿಯಿಂದ ಅದೇ ಹಳೇ ಟಕಟಕ ಕೇಳಿಸುತ್ತೆ. ಅವಳ ಮಗಳು ನನ್ನ ಬಾಗಿಲ ಚೌಕಟ್ಟಿನ ಮೇಲೂ ಗೀಟು ಎಳೆದಿದ್ದಾಳೆ. ಬೈಯೋಕೆ ಹೋದರೆ 'ಪರದೆ ಅಳತೆ ಮಾವ' ಅಂತಾಳೆ. ನೀನೇ ಕಲಿಸಿದ್ದಾ?

ಒಂದು ಮಾತು. ಭಾವನ ವಿಷಯ. ಎಷ್ಟೋ ಸಲ ಬರೆದೆ, ಎಷ್ಟೋ ಸಲ ಅಳಿಸಿದೆ. ಈಗಲೂ ಅಳಿಸ್ತಾ ಇದೀನಿ.

ತಮ್ಮ

•

ಜೂನ್ ೧೪

ತಮ್ಮಾ,

ಅಳಿಸಿದ್ದನ್ನೂ ಓದಿಕೊಂಡೆ ಬಿಡು.

ಅವತ್ತು ಬಾಗಿಲು ತೆಗೆದು ನಿಂತಿದ್ದೆನಲ್ಲ, ಆಮೇಲಿಂದ ಒಂದು ಯೋಚನೆ ನನ್ನ ತಲೆ ತಿಂತಾ ಇದೆ. ಇಷ್ಟು ವರ್ಷ ಎಲ್ಲರ ನಂಬರೂ ಪಟ್ಟಿಯ ಮೇಲೆ ಹೊಲಿಸಿದೆ, ನನ್ನ ಹೆಸರು ಮಾತ್ರ ಎಲ್ಲೂ ಬರದ ಹಾಗೆ ನೋಡಿಕೊಂಡೆ. ನಿಮ್ಮ ಭಾವ ಹುಡುಕಿಬಿಡ್ತಾನೆ ಅಂತ. ಆಗ ನಾನು ಬಾಗಿಲು ತೆಗೆದಾಗ ಮನೆಯಲ್ಲಿ ಒಬ್ಬಳೇ ಇದ್ದೆ. ಈಗ ನನ್ನ ಹಿಂದೆ ಒಂದು ಕೋಣೆ ತುಂಬ ಹೆಂಗಸರಿದ್ದಾರೆ, ದೊಡ್ಡಮ್ಮನ ಕೈಯಲ್ಲಿ ಕತ್ತರಿ ಇದೆ. ಬಂದರೆ ಬರ್ಲಿ.

ನನ್ನ ಪುಟ ಮಾಡು. ಫೋಟೋ ಜೊತೆಗಿದೆ, ದೊಡ್ಡಮ್ಮ ತೆಗೆದದ್ದು, ಅರ್ಧ ಬೆರಳು ಅಡ್ಡ ಬಂದಿದೆ, ಪರವಾಗಿಲ್ಲ. ಪೂರ್ತಿ ಹೆಸರು ಹಾಕು. ಸೈಟ್‌ಮ್ಯಾಪಿಗೆ ಸೇರಿಸು, ಇವತ್ತಿನ ತಾರೀಕು ಹಾಕಿ.

ಇದಕ್ಕೆ ಕಾಗದ ಬರೀಬೇಡ. ಫೋನ್ ಮಾಡು. ಕಿರುಚಾಡೋದಾದರೆ ಕಿರುಚಾಡೋಣ.

ನಿನ್ನ ಅಕ್ಕ